ಭಾವನ ಪಿಕಪ್ಪಿನ ವೈಪರ್

ಭಾವನ ಬಲಗೈಯ ತೋರುಬೆರಳಿನಲ್ಲಿ ಹುಣಸೆ ಬೀಜದಷ್ಟು ದಪ್ಪನೆಯ ಹಳದಿ ಕಲ್ಲಿನ ಉಂಗುರವಿತ್ತು. ಅದು ಕನಕ ಪುಷ್ಯರಾಗ ಎಂದು ಅವರು ಹೇಳುತ್ತಿದ್ದರು. ಹಳೇ ಔಷಧಿ ಬಾಟಲಿಯ ಚೂರನ್ನು ಉಜ್ಜಿ ನುಣ್ಣಗೆ ಮಾಡಿದ್ದು ಎಂದು ನಾನು ಇವತ್ತಿಗೂ ನಂಬಿದ್ದೇನೆ. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಏನು ಕೆಟ್ಟರೂ ಭಾವ ಆ ಬೆರಳನ್ನು ಮಡಿಸಿ, ಕಲ್ಲಿನಿಂದ ಅದನ್ನು ಟಕ್ ಟಕ್ ಎಂದು ಕುಟ್ಟುವರು. ತಲೆ ಓರೆ ಮಾಡಿ ಕೇಳಿಸಿಕೊಳ್ಳುವರು. ಕಣ್ಣು ಮುಚ್ಚುವರು. ಆಮೇಲೆ ತೀರ್ಪು ಕೊಡುವರು. ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು, ಪಕ್ಕದ ಮನೆಯ ಸ್ಕೂಟರು, ಒಮ್ಮೆ ನಮ್ಮ ತಾಯಿಯ ಮಂಡಿಚಿಪ್ಪು, ಎಲ್ಲಕ್ಕೂ ಒಂದೇ ತೀರ್ಪು: "ಒಳಗಡೆ ಗಾಳಿ ಸೇರ್ಕೊಂಡದೆ." ನನಗೆ ತಿಳಿದ ಮಟ್ಟಿಗೆ ಗಾಳಿ ಸೇರಿಕೊಂಡಿದ್ದು ಒಂದೇ ಕಡೆ, ಅದು ಅವರ ಕುತ್ತಿಗೆಯಿಂದ ಮೇಲೆ.

ಅವರು ನನ್ನ ಅಕ್ಕನ ಗಂಡ. ಇಲ್ಲಿ ಉದ್ದಕ್ಕೂ ಬಹುವಚನದಲ್ಲೇ ಬರೆಯುತ್ತೇನೆ. ಅದು ಅಕ್ಕನ ಗಂಡ ಎನ್ನುವ ಜಾಗಕ್ಕೆ ಕೊಡುವ ಮರ್ಯಾದೆಯೇ ಹೊರತು ಆ ಜಾಗದಲ್ಲಿ ಕೂತಿದ್ದ ಆಸಾಮಿಗೆ ಕೊಡುವುದಲ್ಲ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಹೇಳಬೇಕು ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರಿಗೆ ನಮ್ಮ ಭಾವನ ಪರಿಚಯವಿರಲಿಲ್ಲ.

ಒಂಟಿಕೊಪ್ಪಲಿನಲ್ಲಿ ಅವರ ಮನೆ. ಬಾಳೆ ಎಲೆಯ ವ್ಯಾಪಾರ. ಬೆಳಕು ಹರಿಯುವ ಹೊತ್ತಿಗೆ ಪಿಕಪ್ ತೆಗೆದುಕೊಂಡು ನಂಜನಗೂಡಿನ ಕಡೆಯ ತೋಟಗಳಿಗೆ ಹೋಗುವುದು, ಎಲೆಯ ಕಟ್ಟುಗಳನ್ನು ತುಂಬಿ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿಕೊಂಡು ಬಂದು, ಊಟದ ಪಂಕ್ತಿ ಕೂರುವ ಮುಂಚೆ ಛತ್ರಗಳಿಗೂ ಹೋಟೆಲುಗಳಿಗೂ ಮುಟ್ಟಿಸುವುದು. ವ್ಯಾಪಾರ ಮಾಡುತ್ತಿದ್ದವಳು ಮಾತ್ರ ಅಕ್ಕ. ಯಾವ ತೋಟದ ಎಲೆ ಅಗಲ, ಯಾವುದು ಬಿಸಿ ಅನ್ನ ಬಿದ್ದರೆ ಸೀಳುತ್ತದೆ, ಯಾವ ಛತ್ರದವರು ಕುಡಿ ಎಲೆಯೇ ಬೇಕೆಂದು ಹಟ ಹಿಡಿಯುತ್ತಾರೆ, ಎಲ್ಲವೂ ಅವಳ ತಲೆಯಲ್ಲಿತ್ತು. ಭಾವ ಸ್ಟೇರಿಂಗ್ ಹಿಡಿಯುತ್ತಿದ್ದರು, ಛತ್ರದ ಅಡಿಗೆಯವರ ಜೊತೆ ನಿಂತು ಕಾಫಿ ಕುಡಿಯುತ್ತಿದ್ದರು, "ನಮ್ ಬಿಸಿನೆಸ್ಸು" ಎನ್ನುತ್ತಿದ್ದರು.

ಅಕ್ಕ ಬಾಯಿ ತೆರೆದರೆ ಸಾಕು, ಅವರದು ಒಂದೇ ಮಾತು: "ನೀನು ಸುಮ್ನಿರು." ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದರೆ ಎದುರಿಗಿರುವವರನ್ನು ಸ್ವಲ್ಪವಾದರೂ ಲೆಕ್ಕಕ್ಕಿಟ್ಟಿರಬೇಕಲ್ಲ. ನೊಣ ಓಡಿಸುವ ಹಾಗೆ, ಅಭ್ಯಾಸಬಲದಿಂದ ಹೇಳುತ್ತಿದ್ದರು. ಒಮ್ಮೆ ತೋಟದಲ್ಲಿ ಅಕ್ಕ, "ಈ ಎಲೆ ಬೇಡ ಕಣ್ರೀ, ಗಾಳಿಗೆ ಸೀಳೋಗದೆ" ಎಂದಳಂತೆ. "ನೀನು ಸುಮ್ನಿರು" ಎಂದು ಗಾಡಿ ತುಂಬಿಸಿದರು. ಛತ್ರದವರು ಅಷ್ಟನ್ನೂ ವಾಪಸ್ ಕಳಿಸಿದರು. ಸಂಜೆ ಜಗುಲಿಯ ಮೇಲೆ ಕೂತು ಭಾವ ಬೀದಿಗೆಲ್ಲ ಹೇಳಿದ್ದು ಇಷ್ಟು: "ಹೆಂಗಸ್ರು ಮಾತ್ ಕೇಳ್ಕಂಡು ಎಲೆ ತುಂಬುಸ್ದ್ರೆ ಇಂಗೇ ಆಗೋದು." ಅಕ್ಕ ಒಳಗೆ ಹಿಟ್ಟು ನಾದುತ್ತಿದ್ದಳು. ಅವಳಿಗೆ ಕೇಳಿಸಿತು. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

ನನ್ನದು ರಾಮಕೃಷ್ಣನಗರದಲ್ಲಿ ಮಿಕ್ಸಿ ಗ್ರೈಂಡರ್ ರಿಪೇರಿಯ ಅಂಗಡಿ. ಭಾವನಿಗೆ ನನ್ನ ಕಸುಬಿನ ಬಗ್ಗೆ ಇದ್ದ ಅಭಿಪ್ರಾಯವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಯಾರಿಗಾದರೂ ನನ್ನನ್ನು ಪರಿಚಯ ಮಾಡಿಸುವಾಗ, "ನಮ್ ಬಾಮೈದ, ಚಟ್ನಿ ಡಾಕ್ಟ್ರು" ಎಂದು ನಗುವರು. ನಾನೂ ನಗುತ್ತಿದ್ದೆ. ಹೀಗೆ ಪರಸ್ಪರ ತಾತ್ಸಾರದ ಮೇಲೆ ನಮ್ಮ ನೆಂಟಸ್ತನ ಚೆನ್ನಾಗಿಯೇ ನಡೆದಿತ್ತು.

ಆ ಪಿಕಪ್ಪು ಮೂರನೆಯ ಕೈಗೆ ಬಂದ ಹಳೇ ಗಾಡಿ. ಇಂಜಿನ್ ಗಟ್ಟಿ, ಮಿಕ್ಕಿದ್ದೆಲ್ಲ ದೇವರ ದಯೆ. ಆ ದೇವರನ್ನು ಭಾವ ಗಾಡಿಯ ಮೇಲೇ ಕೂರಿಸಿದ್ದರು. ಬಾನೆಟ್ ಮುಗಿದು ಮುಂದಿನ ಗಾಜು ಶುರುವಾಗುವ ಸಂದಿನಲ್ಲಿ ಉದ್ದಕ್ಕೂ ಒಂದು ಜಾಲರಿ ಇರುತ್ತದೆ. ವೈಪರಿನ ಕೈಗಳು ಅಲ್ಲಿಂದಲೇ ಮೇಲೆದ್ದಿರುತ್ತವೆ. ಆ ಜಾಲರಿಯ ಮೇಲೆ ಎಡಭಾಗಕ್ಕೆ ಒಂದು ಹಿತ್ತಾಳೆಯ ಗಣಪತಿಯನ್ನು ಅಂಟಿಸಿ, ಪುರೋಹಿತರನ್ನು ಕರೆಸಿ ಪ್ರತಿಷ್ಠೆ ಮಾಡಿಸಿದ್ದರು. ಎಡಗಡೆಗೇ ಯಾಕೆಂದರೆ, ಬಲಗಡೆ ಕಾಂಪೌಂಡ್ ಗೋಡೆಗೆ ತಾಗಿ ಗಾಡಿ ನಿಲ್ಲುತ್ತಿತ್ತು, ಆ ಕಡೆ ಭಾವನ ಹೊಟ್ಟೆ ಹೋಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು ಆ ಗಣಪತಿಗೆ ಒಂದು ಉದ್ಧರಣೆ ನೀರು, ಅರಿಶಿನ, ಕುಂಕುಮ, ಅಕ್ಷತೆ, ಚೆಂಡು ಹೂವು. ಜಾಲರಿಯ ಕಂಡಿಯಲ್ಲೇ ಎರಡು ಊದುಬತ್ತಿ ಸಿಕ್ಕಿಸುವರು. ಆಯುಧಪೂಜೆಯ ದಿನವಂತೂ ಕೇಳುವುದೇ ಬೇಡ, ಕಾಯಿಯ ನೀರೂ ಅಲ್ಲೇ. "ಪೂಜೆ ಮಾಡ್ದೋನ್ಗೆ ಗಾಡಿ ಕೈ ಕೊಡಲ್ಲ ಕಣಯ್ಯ" ಎನ್ನುವುದು ಅವರ ಇನ್ನೊಂದು ಸೂಕ್ತಿ. ಗ್ರೀಸು ಎನ್ನುವ ಪದಾರ್ಥವನ್ನು ಅವರು ಆ ಗಾಡಿಗೆ ಒಮ್ಮೆಯೂ ತೋರಿಸಿರಲಿಲ್ಲ.

ಗಾಡಿ ಕೈ ಕೊಟ್ಟಿತು. ಮುಂಗಾರು ಶುರುವಾದ ವಾರವೇ ವೈಪರ್ ಏದುಸಿರು ಬಿಡತೊಡಗಿತು. ಅರ್ಧ ಗಾಜಿನವರೆಗೆ ಬಂದು ನಿಂತು, ಯೋಚನೆ ಮಾಡಿ, ನಡುಗುತ್ತ ವಾಪಸ್ ಹೋಗುವುದು. ಭಾವ ಬಂದರು, ಉಂಗುರದಿಂದ ಗಾಜನ್ನು ಕುಟ್ಟಿದರು. ಗಾಜಿನ ಒಳಗೆ ಗಾಳಿ ಸೇರುವುದು ಕಷ್ಟವೆಂದು ಅವರಿಗೂ ಅನ್ನಿಸಿತೇನೋ, ಈ ಸಲ ತೀರ್ಪು ಬದಲಾಯಿತು: "ಬ್ಲೇಡ್ ಸವ್ದೋಗದೆ." ಹೊಸ ಬ್ಲೇಡ್ ಬಂತು. ವೈಪರ್ ಹಾಗೇ ನಡುಗಿತು. ಆಮೇಲೆ ಹೊಗೆಸೊಪ್ಪನ್ನು ನೆನೆಸಿ ಗಾಜಿಗೆಲ್ಲ ಉಜ್ಜಿದರು. ಹಾಗೆ ಮಾಡಿದರೆ ನೀರು ಹನಿಯಾಗಿ ನಿಲ್ಲದೆ ಜಾರಿ ಹೋಗುತ್ತದೆ, ಲಾರಿಯವರು ಮಾಡುತ್ತಾರೆ, ಸುಳ್ಳಲ್ಲ. ಆದರೆ ಲಾರಿಯವರು ಅದನ್ನು ದಾರಿಯಲ್ಲಿ ವೈಪರ್ ಕೆಟ್ಟರೆ ಊರು ಸೇರುವವರೆಗೆ ಮಾಡುತ್ತಾರೆ. ಭಾವ ಅದನ್ನೇ ಚಿಕಿತ್ಸೆ ಎಂದುಕೊಂಡರು. ಎಲೆಯ ಕಟ್ಟಿಗೆ ಹೊಗೆಸೊಪ್ಪಿನ ವಾಸನೆ ಹತ್ತಿ ಒಂದು ಹೋಟೆಲಿನವರು ಅಕ್ಕನನ್ನು ಬೈದರು.

ಒಂದು ದಿನ ಫ್ಯೂಸ್ ಹಾರಿತು. ಹೊಸದು ಹಾಕಿದರೆ ಅದೂ ಹಾರಿತು. ಫ್ಯೂಸ್ ಹಾರುವುದು ಯಾಕೆ ಎಂದು ಕೇಳಿಕೊಳ್ಳುವವನು ಮನುಷ್ಯ. ಭಾವ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯನ್ನು ಮಡಿಸಿ ಫ್ಯೂಸಿನ ಜಾಗಕ್ಕೆ ತುರುಕಿದರು. "ಈಗ ಹಾರ್ಲಿ ನೋಡಣ" ಎಂದರು. ಫ್ಯೂಸ್ ಹಾರಲಿಲ್ಲ, ಮೋಟಾರೇ ಸುಟ್ಟುಹೋಯಿತು. ಗುಜರಿಯಿಂದ ಇನ್ನೊಂದು ಮೋಟಾರ್ ತಂದು ಹಾಕಿಸಿದರು. ಅದೂ ಒಂದು ವಾರದಲ್ಲಿ ಹೊಗೆಯಾಡಿತು. ಉಂಗುರದಿಂದ ಅದರ ಹೆಣವನ್ನು ಕುಟ್ಟಿ, "ಕಂಪ್ನಿ ಮಾಲ್ ಅಲ್ಲ" ಎಂದು ತೀರ್ಪಿತ್ತರು.

ನಾನು ಭಾನುವಾರ ಅವರ ಮನೆಗೆ ಹೋದವನು ವೈಪರಿನ ಕೈ ಹಿಡಿದು ಮೆಲ್ಲಗೆ ತಳ್ಳಿ ನೋಡಿದೆ. ಮೋಟಾರ್ ಬಿಚ್ಚಿದ್ದರೂ ಅದು ಅಲ್ಲಾಡಲಿಲ್ಲ. ನನಗೆ ಇಷ್ಟು ಸಾಕಾಗಿತ್ತು. ಮಿಕ್ಸಿಯಲ್ಲಿ ಜಾರಿನ ಬುಡದ ಬುಷ್ ತುಕ್ಕು ಹಿಡಿದು ಬಿಗಿದುಕೊಂಡರೆ ಎಷ್ಟು ಮೋಟಾರ್ ಬದಲಾಯಿಸಿದರೂ ಸುಡುತ್ತಲೇ ಇರುತ್ತದೆ. ತಪ್ಪು ಮೋಟಾರಿನದಲ್ಲ, ಅದು ತಿರುಗಿಸಬೇಕಾದ ವಸ್ತುವಿನದು.

"ಭಾವ, ಮೋಟಾರ್ ಸರಿಯಾಗೇ ಇತ್ತು. ವೈಪರ್ ಕೈ ತಿರುಗೋ ಕಡ್ಡಿ ಜಾಲರಿ ಕೆಳಗೆ ಹಿಡ್ಕೊಂಡಿದೆ. ಜಾಲರಿ ಬಿಚ್ಚಿ ನೋಡೋಣ" ಎಂದೆ.

ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದು ಚಟ್ನಿ ರುಬ್ಬೋ ಮೋಟ್ರಲ್ಲ ಕಣಯ್ಯ. ಗಾಡಿ."

"ಗಾಡಿಯಾದ್ರೂ ಮೋಟಾರ್ ಮೋಟಾರೇ ಅಲ್ವಾ ಭಾವ?"

"ಜಾಲ್ರಿ ಮೇಲೆ ಯಾರವ್ರೆ ನೋಡ್ದಾ? ಪ್ರತಿಷ್ಠೆ ಆಗಿರೋ ದೇವ್ರು. ಕದಲುಸ್ಬಾರ್ದು. ಕದಲುಸ್ದೋನ್ ಮನೆ ಉದ್ಧಾರ ಆಗಲ್ಲ."

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅವ್ನೇಳೋದೂ ಒಂದ್ಸಲ ನೋಡ್ಬೋದಲ್ವೇನ್ರೀ" ಎಂದಳು.

"ನೀನು ಸುಮ್ನಿರು."

ನಾನು ಎದ್ದು ಬಂದೆ. ವೈಪರ್ ಇಲ್ಲದ ಗಾಡಿಯಲ್ಲಿ ಮಳೆಗಾಲದ ನಂಜನಗೂಡು ರಸ್ತೆಗೆ ಭಾವ ಒಬ್ಬರೇ ಹೋಗುವುದಾಗಿದ್ದರೆ, ದೇವರು ಅವರ ಜೊತೆಗಿದ್ದಾನೆ ಎಂದು ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಎಡಗಡೆ ಸೀಟಿನಲ್ಲಿ ಕೂರುತ್ತಿದ್ದವಳು ಅಕ್ಕ. ತಾಯಿ ಹೋದಮೇಲೆ, ನಾನು ಹುಟ್ಟಿದಾಗಿನಿಂದ ನನ್ನ ಜೊತೆಗಿರುವವಳು ಅವಳೊಬ್ಬಳೇ. ಎದುರಿಗೆ ಬರುವ ಬಸ್ಸು ಕಾಣದ ಗಾಡಿಯಲ್ಲಿ ದಿನಾ ಬೆಳಿಗ್ಗೆ ಅವಳು ಹೋಗುತ್ತಾಳೆ ಎನ್ನುವ ಯೋಚನೆಗೆ, ಮಳೆ ಬಂದರೆ ನಾನು ಬಿಚ್ಚಿದ ಮಿಕ್ಸಿಯನ್ನು ಹಾಗೇ ಬಿಟ್ಟು ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಆಮೇಲೆ ಭಾವ ತಮ್ಮ ಬಾಳಿನ ಮಹಾ ಆವಿಷ್ಕಾರವನ್ನು ಮಾಡಿದರು. ಡ್ರೈವರ್ ಕಡೆಯ ವೈಪರ್ ಕೈಯ ಬುಡದ ನಟ್ಟನ್ನು ಸಡಿಲ ಮಾಡಿದರು, ಕೈ ಲೊಡಲೊಡನೆ ಆ ಕಡೆ ಈ ಕಡೆ ಆಡತೊಡಗಿತು. ಅದಕ್ಕೆ ಬಲಗಡೆಯಿಂದ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಕನ್ನಡಿಯ ಕಂಬಿಗೆ ಬಿಗಿದರು. ಎಡಗಡೆಯಿಂದ ಒಂದು ನೈಲಾನ್ ದಾರ ಕಟ್ಟಿ, ಗಾಜಿನ ಮೇಲೆ ಹಾಯಿಸಿ, ಎಡಗಡೆಯ ಕಿಟಕಿಯೊಳಗೆ ತಂದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಎಳೆದರೆ ವೈಪರ್ ಇತ್ತ ಬರಬೇಕು, ಬಿಟ್ಟರೆ ಟ್ಯೂಬು ಅದನ್ನು ಅತ್ತ ಎಳೆದುಕೊಳ್ಳಬೇಕು. ಗಮನಿಸಬೇಕಾದ ಮಾತೆಂದರೆ, ತಮ್ಮ ಪಾಲಿನ ಅರ್ಧ ಕೆಲಸವನ್ನೂ ಭಾವ ಸೈಕಲ್ ಟ್ಯೂಬಿಗೆ ವಹಿಸಿದ್ದರು.

ನಾನು ಅದನ್ನು ಮೊದಲು ನೋಡಿದ್ದು ನನ್ನ ಅಂಗಡಿಯ ಮುಂದೆಯೇ. ಜೋರು ಮಳೆ. ನಮ್ಮ ಕಡೆಯ ಛತ್ರಕ್ಕೆ ಎಲೆ ಹಾಕಲು ಬಂದ ಪಿಕಪ್ಪು ಸರ್ಕಲ್ಲಿನಲ್ಲಿ ನಿಂತಿತ್ತು. ಎಡಗಡೆ ಕಿಟಕಿಯಿಂದ ಒಂದು ಕೈ ಮೊಣಕೈವರೆಗೆ ಹೊರಗೆ ಬಂದಿತ್ತು. ರವಿಕೆಯ ತೋಳು ನೆನೆದು ಅಂಟಿಕೊಂಡಿತ್ತು, ಬಳೆಗಳ ಮೇಲೆ ನೀರು ಇಳಿಯುತ್ತಿತ್ತು. ಆ ಕೈ ದಾರವನ್ನು ಎಳೆಯುತ್ತಿತ್ತು, ಬಿಡುತ್ತಿತ್ತು. ಗಾಜಿನ ಹಿಂದೆ ಭಾವನ ಬಾಯಿ ಆಡುತ್ತಿತ್ತು. ಸಿಗ್ನಲ್ ಬಿಟ್ಟು ಗಾಡಿ ಹತ್ತಿರ ಬಂದಾಗ ಕೇಳಿಸಿತು: "ಎಳಿ... ಬುಡು. ಎಳಿ... ಬುಡು." ಬಸ್ ಸ್ಟಾಪಿನಲ್ಲಿ ನಿಂತಿದ್ದವರು ಮೊಬೈಲ್ ಹಿಡಿದು ನಗುತ್ತಿದ್ದರು. ಎರಡು ಮೋಟಾರ್ ಸುಟ್ಟ ಮನುಷ್ಯ ಈಗ ಮೂರನೆಯ ಮೋಟಾರಾಗಿ ನನ್ನ ಅಕ್ಕನನ್ನು ಹಾಕಿಕೊಂಡಿದ್ದರು.

ಅದೇ ಸಂಜೆ ಹೋಗಿ ಜಗಳ ಆಡಿದೆ. ಭಾವ ಎಲೆ ಅಡಿಕೆ ಜಗಿಯುತ್ತ, "ಕೆಲ್ಸ ನಡೀತಾದಲ್ಲ, ನಿಂಗೇನಯ್ಯ ಕಷ್ಟ?" ಎಂದರು. ಆಮೇಲೆ ತಮಗೂ ಕಷ್ಟವಿದೆ ಎನ್ನುವವರ ಹಾಗೆ, "ನಿಮ್ಮಕ್ಕ ಇತ್ತೀಚ್ಗೆ ದಾರೀಲಿ ಟೀ ಕುಡ್ಯೋದೊಂದು ಕಲ್ತ್ಕಂಡವ್ಳೆ. ಎಲೆಗೆ ಹೊತ್ತಾಯ್ತದೆ ಅಂದ್ರೂ ಕೇಳಲ್ಲ" ಎಂದರು. ನೆನೆದು ನಡುಗುವ ಹೆಂಗಸು ಒಂದು ಲೋಟ ಬಿಸಿ ಟೀ ಕುಡಿದರೆ ಅದಕ್ಕೂ ಈ ಮನುಷ್ಯನ ದೂರು! ನಾನು ಅಡಿಗೆಮನೆಗೆ ಹೋಗಿ ಅಕ್ಕನ ಅಂಗೈ ನೋಡಿದೆ. ದಾರ ಉಜ್ಜಿ ಅಡ್ಡಕ್ಕೆ ಕೆಂಪಗೆ ಗೀರು ಬಿದ್ದಿತ್ತು. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಳು.

"ಯಾಕಕ್ಕ ಸುಮ್ನಿದೀಯ? ಆಗಲ್ಲ ಅನ್ನು" ಎಂದೆ.

"ಓಗ್ಲಿ ಬುಡೋ" ಎಂದಳು. "ಅಂತಾ ನೋವೇನಿಲ್ಲ." ಅವಳ ಮುಖದಲ್ಲಿ ಸಂಕಟವೂ ಇರಲಿಲ್ಲ. ಇವಳ ತಾಳ್ಮೆಯೇ ಇವಳ ಶತ್ರು ಎಂದುಕೊಂಡು ನಾನು ಇನ್ನಷ್ಟು ಉರಿದೆ.

ಅಮಾವಾಸ್ಯೆ ಬಂತು. ಭಾವ ಪ್ರತಿ ಅಮಾವಾಸ್ಯೆಗೆ ಬಸ್ಸಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗಿ ಮಾರನೇ ದಿನ ಬರುವರು. ಅವರ ಬಸ್ಸು ಹೊರಟ ಮೇಲೆ ನಾನು ಅಂಗಡಿ ಮುಚ್ಚಿ, ಗುಜರಿಯಿಂದ ಆರಿಸಿ ತಂದಿದ್ದ ಒಂದು ಮೋಟಾರನ್ನೂ ಪಾನಾಗಳನ್ನೂ ತೆಗೆದುಕೊಂಡು ಒಂಟಿಕೊಪ್ಪಲಿಗೆ ಹೋದೆ. ಅಕ್ಕನಿಗೆ ಹೇಳಿದೆ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಗಣಪತಿಯನ್ನು ಇಡಲು ಒಂದು ತಟ್ಟೆಯಲ್ಲಿ ಅಕ್ಕಿ ಹರಡಿ ತಂದು ಪಕ್ಕದಲ್ಲಿ ನಿಂತಳು.

ಮೊದಲು ತಂದಿದ್ದ ಮೋಟಾರನ್ನು ನೆಲದ ಮೇಲಿಟ್ಟು, ಗಾಡಿಯ ಬ್ಯಾಟರಿಯಿಂದ ಎರಡು ವೈರು ಎಳೆದು ಮುಟ್ಟಿಸಿದೆ. ಚೆನ್ನಾಗಿ ತಿರುಗಿತು. ಸ್ವಿಚ್ಚಿನಿಂದ ಬರುವ ವೈರಿಗೆ ಬಲ್ಬ್ ಹಿಡಿದು ನೋಡಿದೆ, ಉರಿಯಿತು. ಕರೆಂಟು ಬರುತ್ತಿದೆ, ಮೋಟಾರ್ ತಿರುಗುತ್ತಿದೆ, ಅಂದಮೇಲೆ ಮಿಕ್ಕಿದ್ದು ದೇವರ ಪೀಠವೊಂದೇ. ಅಂಟಿನ ಸಂದಿಗೆ ಚಾಕು ಹಾಕಿ ಗಣಪತಿಯನ್ನು ಎಬ್ಬಿಸಿ ಅಕ್ಕನ ತಟ್ಟೆಯಲ್ಲಿ ಕೂರಿಸಿದೆ. ಸ್ಕ್ರೂಗಳನ್ನು ತೆಗೆದು ಜಾಲರಿ ಎತ್ತಿದೆ.

ಒಳಗೆ ಮಳೆನೀರು ಹರಿದು ಹೋಗಲು ಒಂದು ಕಾಲುವೆ ಇರುತ್ತದೆ, ಅದರ ತುದಿಯಲ್ಲಿ ತೂತು. ಆ ಕಾಲುವೆಯ ತುಂಬ ಭಾವನ ಭಕ್ತಿ ಕೊಳೆತು ಕೂತಿತ್ತು. ಕೆಸರಾದ ಚೆಂಡು ಹೂವು, ಕುಂಕುಮದ ಹೆಂಟೆ, ಉಬ್ಬಿ ಹಳಸಿದ ಅಕ್ಷತೆ, ಕಟ್ಟುಗಟ್ಟಲೆ ಊದುಬತ್ತಿಯ ಕಡ್ಡಿ. ತೂತು ಮುಚ್ಚಿ ನೀರು ಅಲ್ಲೇ ಮಡುಗಟ್ಟಿತ್ತು. ಒಂದು ಮೂಲೆಯಲ್ಲಿ ಚೆಂಡು ಹೂವಿನ ಬೀಜ ಮೊಳೆತು, ಬಿಸಿಲು ಕಾಣದ ಬೆಳ್ಳನೆಯ ಗಿಡವೊಂದು ಜಾಲರಿಯ ಕಂಡಿ ಹುಡುಕುತ್ತ ವಾಲಿತ್ತು. ವೈಪರಿನ ಕಡ್ಡಿಗಳು ಆ ನೀರಿನಲ್ಲಿ ನೆನೆದು ನೆನೆದು ತುಕ್ಕು ತಿಂದು ಬಿಗಿದಿದ್ದವು. ಇಡೀ ಮೈಸೂರಿನಲ್ಲಿ ಆಯುಧಪೂಜೆಯ ದಿನ ಎಷ್ಟೋ ಲಕ್ಷ ಗಾಡಿಗೆ ಹೂವು ಏರಿಸುತ್ತಾರೆ, ಮಾರನೇ ದಿನ ಕೊಡವಿ ಗುಡಿಸುತ್ತಾರೆ. ನಿರ್ಮಾಲ್ಯ ತೆಗೆಯಬೇಕು ಎನ್ನುವ ಸಾಮಾನ್ಯ ಜ್ಞಾನವೂ ಇಲ್ಲದ ಭಕ್ತ ಇವರೊಬ್ಬರೇ.

"ನೋಡಕ್ಕ, ನೋಡು" ಎಂದೆ. ನನ್ನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. ಒಬ್ಬ ಮನುಷ್ಯನ ದಡ್ಡತನ ಇಷ್ಟು ಅಚ್ಚುಕಟ್ಟಾಗಿ ಕಣ್ಣೆದುರಿಗೆ ಸಿಗುವುದು ಅಪರೂಪ.

ಕೆಸರು ಬಾಚಿದೆ, ತೂತು ಬಿಡಿಸಿದೆ, ಕಡ್ಡಿಗಳಿಗೆ ಸೀಮೆಎಣ್ಣೆ ಕುಡಿಸಿ ಮೆಲ್ಲಗೆ ತಟ್ಟಿ ತಟ್ಟಿ ಸಡಿಲಿಸಿದೆ, ಮರಳುಕಾಗದದಲ್ಲಿ ಉಜ್ಜಿ ಗ್ರೀಸ್ ತುಂಬಿದೆ, ಸೈಕಲ್ ಟ್ಯೂಬ್ ಬಿಚ್ಚಿ ಕೈಯ ಬುಡದ ನಟ್ಟನ್ನು ಬಿಗಿದೆ. ಬೆರಳಿಂದ ತಳ್ಳಿದರೆ ಸಾಕು ವೈಪರ್ ಜೋಲಿಯ ಹಾಗೆ ತೂಗಿತು. ಮೋಟಾರ್ ಕೂರಿಸಿ, ಬೆಳ್ಳಿ ಹಾಳೆ ಕಿತ್ತೆಸೆದು ಸರಿಯಾದ ಫ್ಯೂಸ್ ಹಾಕಿ ಸ್ವಿಚ್ ಒತ್ತಿದೆ. ಎರಡೂ ಕೈಗಳು ಒಟ್ಟಿಗೆ ಎದ್ದು ಗಾಜನ್ನು ಒರೆಸಿದವು. ಜಾಲರಿಯ ಕೆಳಗೆ ಸೊಳ್ಳೆಪರದೆಯ ಬಲೆಯೊಂದನ್ನು ಕತ್ತರಿಸಿ ಹೊಲಿದು, ಮುಂದೆ ಬೀಳುವ ಹೂವು ಅದರಲ್ಲೇ ನಿಲ್ಲುವಂತೆ ಮಾಡಿ, ಗಣಪತಿಯನ್ನು ಅದೇ ಜಾಗದಲ್ಲಿ ಅಂಟಿಸಿದೆ. ಅವನದೇನೂ ತಪ್ಪಿರಲಿಲ್ಲ.

ಅಕ್ಕ ವೈಪರನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. "ಚೆನ್ನಾಗೋಡ್ತದೆ ಬುಡು" ಎಂದಳು. ಅಷ್ಟೇ. ಆಮೇಲೆ ನೈಲಾನ್ ದಾರದ ಗಂಟನ್ನು ತಾನೇ ಬಿಚ್ಚಿ, ಬೆರಳಿಗೆ ಸುತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಗಂಡ ಬಂದು ಏನೆನ್ನುತ್ತಾರೋ ಎಂಬ ಭಯ ಪಾಪ, ಎಂದುಕೊಂಡೆ.

ಗಂಡ ಬಂದರು. ತಲೆ ಬೋಳಿಸಿಕೊಂಡು, ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ಪ್ರಸಾದದ ಚೀಲದೊಂದಿಗೆ ಬಂದರು. ಜಾಲರಿ ಬಿಚ್ಚಿದ್ದನ್ನು ಹೇಳಿ ಜಗಳವಾಡಲು ನಾನೂ ಸಿದ್ಧನಾಗಿಯೇ ಕಾದಿದ್ದೆ. ಸ್ವಿಚ್ ಒತ್ತಿದವರೇ ಭಾವ ಕಣ್ಣರಳಿಸಿದರು. ಗಾಡಿಯಿಂದ ಇಳಿದು ಬೆಟ್ಟದ ದಿಕ್ಕಿಗೆ ಕೈ ಮುಗಿದರು. "ನೋಡ್ದೇನಯ್ಯ? ಮಾದಪ್ಪಂಗೆ ಮುಡಿ ಕೊಡ್ತೀನಿ ಅಂತ ಹರಸ್ಕಂಡಿದ್ದೆ. ಅಲ್ಲಿ ಕೂದ್ಲು ಬಿತ್ತು, ಇಲ್ಲಿ ವೈಪರ್ ಎದ್ತು!"

"ಭಾವ, ಮೋಟಾರ್ ನಾನ್ ಹಾಕಿದ್ದು. ಗ್ರೀಸ್ ನೋಡಿ, ಇನ್ನೂ ಒಣಗಿಲ್ಲ."

"ನಿನ್ ಕೈಲಿ ಹಾಕ್ಸ್‌ದೋನು ಯಾರು?" ಎಂದರು ಭಾವ. ಆಮೇಲೆ ಹೊಸ ಚೆಂಡು ಹೂವೊಂದನ್ನು ತಂದು ಜಾಲರಿಯ ಮೇಲಿಟ್ಟರು. ಒಂದು ಉದ್ಧರಣೆ ನೀರನ್ನೂ ಬಿಟ್ಟರು. ಇಂಥವರ ಜೊತೆ ವಾದ ಮಾಡುವುದು ಗೋರ್ಕಲ್ಲ ಮೇಲೆ ಮಳೆಗರೆದ ಹಾಗೆ. ನಾನು ತಿಂಗಳಿಗೊಮ್ಮೆ ಅವರು ಬೆಟ್ಟಕ್ಕೆ ಹೋದಾಗ ಬಂದು, ಬಲೆಯಲ್ಲಿ ಸೇರಿದ ಹೂವನ್ನು ತೆಗೆದು ಕಸಕ್ಕೆ ಹಾಕಿ ಹೋಗುತ್ತಿದ್ದೆ. ಭಾವ ಕೊನೆಯವರೆಗೂ ಒಂಟಿಕೊಪ್ಪಲಿನಲ್ಲಿ ವೈಪರಿನ ಪವಾಡವನ್ನು ಹೇಳಿಕೊಂಡು ಓಡಾಡಿದರು. ಕೇಳಿದವರಲ್ಲಿ ಕೆಲವರು ಮುಡಿ ಕೊಡಲು ಹೋದರೂ ಹೋಗಿರಬಹುದು.

ಕೊನೆ ಎಂದರೆ ಕಳೆದ ಬೇಸಿಗೆ. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಡಾಕ್ಟರು ಹೇಳಿದ್ದನ್ನೂ ಅಕ್ಕ ಹೇಳಿದ್ದನ್ನೂ ಒಂದೇ ಸಮ ಅಲಕ್ಷ್ಯ ಮಾಡಿದ್ದರು, ಆ ವಿಷಯದಲ್ಲಿ ಅವರು ಭೇದಭಾವ ಮಾಡಲಿಲ್ಲ. ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಕೈ ಊದಿ ಉಂಗುರ ಮಾಂಸದೊಳಗೆ ಹೂತಿತ್ತು. ಆದರೂ ಬೆರಳು ಮಡಿಸಿ ಡ್ರಿಪ್ ನೇತುಹಾಕಿದ ಕಬ್ಬಿಣದ ಕೋಲನ್ನು ಟಕ್ ಟಕ್ ಎಂದು ಕುಟ್ಟಿದರು. ನರ್ಸ್ ತಿರುಗಿ ನೋಡಿದಳು. "ಒಳಗಡೆ ಗಾಳಿ ಸೇರ್ಕೊಂಡದೆ ಕಣಮ್ಮ" ಎಂದರು ಭಾವ. ಆಕೆ ಪಾಪ, ಹೆದರಿ ನಳಿಗೆಯನ್ನೆಲ್ಲ ಪರೀಕ್ಷೆ ಮಾಡಿದಳು. ಗಾಳಿ ಇರಲಿಲ್ಲ. ನಾನು ಬಲ್ಲಂತೆ ಅದೇ ಅವರ ಕೊನೆಯ ತೀರ್ಪು, ಎಂದಿನಂತೆ ಅದೂ ತಪ್ಪು.

ನಾನು ಅಳಲಿಲ್ಲ. ಹೆಗಲು ಕೊಟ್ಟೆ. ಅಕ್ಕ ಅತ್ತಳು, ಎಷ್ಟು ಬೇಕೋ ಅಷ್ಟು. ವರ್ಷದ ಸೂತಕ ಎಂದು ಯಾರೋ ಏನೋ ಹೇಳಲು ಬಂದರೆ, "ಎಲೆ ಕೇಳ್ತವೇನ್ರೀ ಸೂತ್ಕ?" ಎಂದು ತಿಥಿ ಮುಗಿದ ವಾರವೇ ವ್ಯಾಪಾರಕ್ಕೆ ಹೊರಟಳು. ಡ್ರೈವರ್ ಸಿಗುವವರೆಗೆ ಬೆಳಗಿನ ಹೊತ್ತು ನಾನೇ ಗಾಡಿ ಓಡಿಸುತ್ತೇನೆ ಎಂದೆ. ಅಂಗಡಿ ತೆಗೆಯುವ ಹೊತ್ತಿಗೆ ಮುಗಿಯುತ್ತಿತ್ತು.

ಒಂದು ದಿನ ಎಲೆ ತುಂಬಿಕೊಂಡು ಬರುವಾಗ, ಕಡಕೊಳ ದಾಟಿದ ಮೇಲೆ ಮೊದಲ ಮಳೆ ಹಿಡಿಯಿತು. ನಾನು ವೈಪರ್ ಹಾಕಿದೆ. ಜೋಡಿ ಕೈಗಳು ಸದ್ದಿಲ್ಲದೆ ಓಡಿದವು. ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡು ಪಕ್ಕಕ್ಕೆ ನೋಡಿದರೆ, ಅಕ್ಕನ ಎಡಗೈ ಮಡಿಲಲ್ಲಿ ಮುಚ್ಚುತ್ತಿತ್ತು, ತೆರೆಯುತ್ತಿತ್ತು. ವೈಪರ್ ಇತ್ತ ಬಂದಾಗ ಮುಷ್ಟಿ, ಅತ್ತ ಹೋದಾಗ ಸಡಿಲ. ನಾನು ನೋಡಿದ್ದು ಗೊತ್ತಾಗಿ ಸೆರಗಿನೊಳಗೆ ಇಟ್ಟುಕೊಂಡಳು.

"ಮಳೆ ಬಂದ್ರೆ ತಾನಾಗೇ ಆಡ್ತದೆ ಕಣೋ ಈ ಕೈಯಿ" ಎಂದಳು.

ನನಗೆ ತಡೆಯಲಾಗಲಿಲ್ಲ. "ನಿನ್ನನ್ನ ಮೋಟಾರ್ ಮಾಡ್ಕೊಂಡ್ರಲ್ಲಕ್ಕ ಆ ಮನುಷ್ಯ! ಸತ್ತರೂ ನಾನು ಮರೆಯಲ್ಲ."

ಅಕ್ಕ ಗಾಜಿನ ಕಡೆಗೇ ನೋಡುತ್ತ ಹೇಳಿದಳು. "ಒಂದಿನ ಇಲ್ಲೇ, ಮಳೆ ಭಾಳ ಜೋರಾಯ್ತು. ನಿಲ್ಸಿ ಅಂದೆ. ನೀನು ಸುಮ್ನಿರು ಅಂದ್ರು. ಕೈ ನೋಯ್ತಿತ್ತು, ದಾರ ಬುಟ್ಬುಟ್ಟೆ. ಗಾಜ್ ತುಂಬ ನೀರು, ಏನೂ ಕಾಣ್ದು. ನಿಲ್ಲುಸ್ಲೇಬೇಕಾಯ್ತು ನಿಮ್ ಭಾವ. ಅಲ್ಲಿ ಟೀ ಅಂಗ್ಡಿ ಇತ್ತು. ಟೀ ಬೇಕು ಅಂದೆ. ಇಳ್ದು ತಂದ್ಕೊಟ್ರು ಕಣೋ, ನೆನ್ಕಂಡು. ಮದ್ವೆ ಆದ್ಮೇಲೆ ನಾನ್ ಹೇಳ್ದ ಕಡೆ ಅವ್ರು ನಿಂತಿದ್ದು ಅದೇ ಮೊದ್ಲು. ಆಮೇಲೆ ಮಳೆ ಬಂದಾಗೆಲ್ಲ ನಿಧಾನ ಅಂದ್ರೆ ನಿಧಾನ, ನಿಲ್ಸಿ ಅಂದ್ರೆ ನಿಲ್ಸೋರು. ದಾರ ನನ್ ಕೈಲಿತ್ತಲ್ಲ."

ನಾನು ಗೇರು ಬದಲಾಯಿಸಿದೆ.

"ನೀನ್ ರಿಪೇರಿ ಮಾಡಿದ್ದು ಒಳ್ಳೇದೇ ಆಯ್ತು. ನಿನ್ ಮೇಲೇನೂ ಇಲ್ಲ ನಂಗೆ" ಎಂದಳು. "ಮಾರ್ನೇ ಮಳೇಲಿ ಇಲ್ಲೇ ಬರ್ವಾಗ ನಿಲ್ಸಿ ಅಂದೆ. ನೀನು ಸುಮ್ನಿರು ಅಂದ್ಬುಟ್ಟು ಓಗೇ ಬುಟ್ರು. ವೈಪರ್ ಓಡ್ತಿತ್ತಲ್ಲ."

ಭಾವನ ಮೇಲಿನ ನನ್ನ ತಾತ್ಸಾರ ಆ ಮಾತಿನಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಹೆಂಡತಿಯ ಮಾತು ಕೇಳಲು ಕುರುಡು ಗಾಜು ಬೇಕಾಗಿದ್ದ ಮನುಷ್ಯ! ಆದರೆ ಆ ದಾರ ಬಿಚ್ಚುವಂತೆ ಮಾಡಿದವನು ನಾನೇ. ಬಲಗಡೆ, ಹೊಲದ ಅಂಚಿನಲ್ಲಿ ತಗಡಿನ ಚಪ್ಪರದ ಒಂದು ಟೀ ಅಂಗಡಿ ಕಂಡಿತು.

"ಇಲ್ಲೇ ನಿಲ್ಸು" ಎಂದಳು ಅಕ್ಕ.

ಮಳೆ ಅಷ್ಟೇನೂ ಜೋರಿರಲಿಲ್ಲ. ದಾರಿ ಚೆನ್ನಾಗಿ ಕಾಣುತ್ತಿತ್ತು. ಛತ್ರದಲ್ಲಿ ಎಲೆಗೆ ಕಾಯುತ್ತಿದ್ದರು, ನನ್ನ ಅಂಗಡಿಗೂ ಹೊತ್ತಾಗುತ್ತಿತ್ತು. ನಾನು ಗಾಡಿ ನಿಲ್ಲಿಸಿದೆ, ಇಳಿದು ನೆನೆದುಕೊಂಡು ಹೋಗಿ ಟೀ ತಂದುಕೊಟ್ಟೆ.